ಸೋನ್ಯಾಳದ ಹಿತ್ತಲಿನಲ್ಲಿ ಹಾಯಿದೋಣಿ

ರಾಚಪ್ಪ ಭಾವನವರು ಒಣ ನೆಲದ ಮೇಲೂ ಕಾಲು ಅಗಲಿಸಿ ನಡೆಯುತ್ತಿದ್ದರು, ನೆಲ ಯಾವ ಗಳಿಗೆಯಲ್ಲಾದರೂ ಒಂದು ಮಗ್ಗುಲಿಗೆ ವಾಲೀತು ಅನ್ನುವ ಹಾಗೆ. ಕುಡಿಯುವ ನೀರಿನ ಕೊಡಕ್ಕೆ ಎರಡೂ ಕಡೆ ಕಲ್ಲು ಒತ್ತುಕೊಡದೆ ಅಡುಗೆಮನೆ ಬಿಡುತ್ತಿರಲಿಲ್ಲ. ಜೋಳದ ಡಬ್ಬಿಯ ಮೇಲೆ ಉಪ್ಪಿನ ಗಡಿಗೆ ಕಂಡರೆ ಕೆಳಗಿಳಿಸಿ, "ವಾಲಿದ್ರ ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. "ಮನಿ ಯಾಕ ವಾಲತೈತೋ ತಮ್ಮಾ?" ಎಂದು ಅತ್ತೆ ನಗುತ್ತಿದ್ದರು.

ಅವರು ನನ್ನ ಗಂಡನ ಅಣ್ಣ. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ, ಆಮೇಲೆ ಮುಂಬಯಿಯಲ್ಲಿ ದೋಣಿ ಕಟ್ಟುವ ಒಂದು ಕಾರ್ಖಾನೆ ಸೇರಿದ್ದರು. ಎದೆಯಲ್ಲಿ ಕಫ ಕಟ್ಟಿ ಸೊರಗಿದಾಗ ಡಾಕ್ಟರು ಒಂದು ವರ್ಷ ಒಣಹವೆಯಲ್ಲಿರಲು ಹೇಳಿದರಂತೆ. ಒಣಹವೆಗೆ ನಮ್ಮ ಸೋನ್ಯಾಳಕ್ಕಿಂತ ಬೇರೆ ಊರು ಹುಡುಕಬೇಕಾಗಿರಲಿಲ್ಲ. ಜತ್ತ ಸಂಸ್ಥಾನ ವಿಲೀನವಾಗಿ ಎರಡು ವರ್ಷವಾಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳು. ಭಾವನ ಎದುರು ಸೆರಗು ಮುಂದೆಳೆದುಕೊಂಡು, ಬಾಯಿ ಬಿಡದೆ ಓಡಾಡಬೇಕಾದ ಕಾಲ ಅದು. ಅವರಿಗೆ ನನ್ನ ದನಿ ಹೇಗಿದೆ ಎಂಬುದೂ ಗೊತ್ತಿರಲಿಲ್ಲ.

ಒಂದು ದಿನ ಮುಂಬಯಿಯಿಂದ ಮರದ ಪೆಟ್ಟಿಗೆಯೊಂದು ಬಂತು. ಭಾವನವರ ಕಾರ್ಖಾನೆಯಿಂದ ಹಾಯಿದೋಣಿ ಕೊಂಡಿದ್ದ ವಕೀಲರೊಬ್ಬರು ಕಳಿಸಿದ್ದರು. ಒಳಗೆ ರೇಡಿಯೋದಂಥ ಯಂತ್ರ, ಜೊತೆಗೆ ದೋಣಿಯ ಅಳತೆ ಬರೆದ ನಕ್ಷೆ. ದಂಡೆಯ ಮೇಲಿನ ರೇಡಿಯೋ ಠಾಣೆಗಳ ಸದ್ದು ಹಿಡಿದು ದೋಣಿ ಎಲ್ಲಿದೆಯೆಂದು ಲೆಕ್ಕಹಾಕಲು ಆ ಯಂತ್ರ ಬೇಕಂತೆ. ಅದನ್ನು ದೋಣಿಯಲ್ಲಿ ಎಲ್ಲಿ ಕೂರಿಸಬೇಕೆಂದು ಭಾವನವರೇ ಹೇಳಬೇಕೆಂದು ವಕೀಲರು ಬರೆದಿದ್ದರು.

ಮರುದಿನ ಬೆಳಿಗ್ಗೆ ಹಿತ್ತಲಿನ ಬೇವಿನ ಮರದ ಕೆಳಗೆ ಭಾವನವರು ಗೂಟ ಹೊಡೆದು, ಹಗ್ಗ ಎಳೆದು, ನಕ್ಷೆಯಲ್ಲಿದ್ದಷ್ಟೇ ಉದ್ದಗಲದ ದೋಣಿಯನ್ನು ನೆಲದ ಮೇಲೆ ಮೂಡಿಸಿದರು. ಹೊರಸು ಹಾಕಿ ಒಳಗಿನ ಕೋಣೆ ಮಾಡಿದರು. ಅಟ್ಟದ ಏಣಿ ತಂದು ಕೋಣೆಗಿಳಿಯುವ ಮೆಟ್ಟಿಲು ಮಾಡಿದರು. ಪಕ್ಕದ ಮನೆಯ ಕುರುಬರ ಬೀರಪ್ಪನನ್ನು ಕರೆದು ಹಿಂಬದಿಯಲ್ಲಿ ಕೂರಿಸಿ, ಕೈಗೊಂದು ಬಡಿಗೆ ಕೊಟ್ಟರು. ಅದು ದೋಣಿಯ ಚುಕ್ಕಾಣಿ. ಬೀರಪ್ಪನ ಮುಂದೆ ಒಂದು ಮಣೆಯ ಮೇಲೆ ತಮ್ಮ ದಿಕ್ಸೂಚಿ ಇಟ್ಟರು.

"ಎಷ್ಟೊತ್ತು ಕುಂದ್ರಬೇಕರಿ? ಕುರಿ ಬಿಟ್ಟಿಲ್ಲ ಇನ್ನಾ" ಎಂದ ಬೀರಪ್ಪ.

"ಕುರಿ ಎಲ್ಲೀ ಹೋಗೂದಿಲ್ಲ. ನೀ ಈಗ ಸಮುದ್ರದಾಗ ಅದೀ. ಬಡಿಗಿ ಬಿಡಬ್ಯಾಡ, ಯಂತ್ರದ ಮುಳ್ಳು ಕಾಣತೈತೇನ ಹೇಳು."

ಯಂತ್ರವನ್ನು ಕೋಣೆಯೊಳಗಿಟ್ಟರೆ ನೀರು ತಾಗುವುದಿಲ್ಲ, ಆದರೆ ಬೀರಪ್ಪನಿಗೆ ಕಾಣುವುದಿಲ್ಲ. ಅವನ ಮುಂದಿಟ್ಟರೆ ಕಾಣುತ್ತದೆ, ನೀರು ತಾಗುತ್ತದೆ. ಎಷ್ಟು ತಾಗುತ್ತದೆಂದು ನೋಡಲು ಯಂತ್ರದ ಜಾಗದಲ್ಲಿ ಖಾಲಿ ಡಬ್ಬಿ ಇಟ್ಟು, ತಂಬಿಗೆಯಿಂದ ನೀರು ಎರಚುವ ಕೆಲಸ ನನಗೆ ಬಂತು. ಡಬ್ಬಿಗಿಂತ ಬೀರಪ್ಪನೇ ಹೆಚ್ಚು ನೆನೆದ. ಕೊನೆಗೆ ಭಾವನವರು ಮೆಟ್ಟಿಲ ಬಾಯಿಯಲ್ಲಿ ತಿರುಗುವ ಹಲಗೆಯೊಂದನ್ನು ನಿಲ್ಲಿಸಿ, ಯಂತ್ರವನ್ನು ಅದಕ್ಕೆ ಕಟ್ಟಿದರು. ಬೇಕಾದಾಗ ಹೊರಮುಖ, ಬೇಡವಾದಾಗ ಒಳಮುಖ.

ಉಳಿದದ್ದು ದಿಕ್ಸೂಚಿಯ ತೊಡಕು. ಯಂತ್ರದ ಹೊಟ್ಟೆಯಲ್ಲಿ ಅಯಸ್ಕಾಂತವಿದೆ. ಹತ್ತಿರ ಬಂದರೆ ದಿಕ್ಸೂಚಿಯ ಮುಳ್ಳು ತಪ್ಪು ತೋರಿಸುತ್ತದೆ. ಎಷ್ಟು ದೂರವಿದ್ದರೆ ಸುರಕ್ಷಿತ ಎಂದು ಮೊಳ ಹಾಕಿ ನೋಡಿದರು. ಮೊದಲ ದಿನ ಮೂರು ಮೊಳಕ್ಕೆ ಮುಳ್ಳು ನೆಟ್ಟಗೆ ನಿಂತಿತು. ಮರುದಿನ ಅದೇ ಮೂರು ಮೊಳಕ್ಕೆ ಪಕ್ಕಕ್ಕೆ ತಿರುಗಿತು. ಮೂರನೆಯ ದಿನ ಬೆಳಿಗ್ಗೆ ನೆಟ್ಟಗಿತ್ತು, ಮಧ್ಯಾಹ್ನ ಮತ್ತೆ ತಪ್ಪಿತು. ಭಾವನವರು ಗೂಟ ಕಿತ್ತು ಮತ್ತೆ ಹೊಡೆದರು, ಹಗ್ಗ ಮತ್ತೆ ಅಳೆದರು, ಕೆಮ್ಮಿ ಕೆಮ್ಮಿ ಸುಸ್ತಾದರು. ನಾಲ್ಕನೆಯ ದಿನ ಹೊರಸಿನ ಮೇಲೆ ಕೂತು, "ಯಂತ್ರ ಒಳಗ ಇಡ್ರಿ ಅಂತ ಬರದಬಿಡ್ತೀನಿ" ಎಂದರು.

"ಅಷ್ಟ ಮಾಡೋ. ಒಳಗ ಹೋಗಿ ನೋಡಿ ಬರ್ತಾರ" ಎಂದರು ಅತ್ತೆ.

"ಹಂಗ ಚುಕ್ಕಾಣಿಯಾಂವ ಒಳಗ ನೋಡಾಕ ಹ್ವಾದಾಗನ ನಮ್ಮ ಜೋಡಿದಾರ ಒಬ್ಬ ಸತ್ತ, ಅವ್ವಾ. ಚುಕ್ಕಾಣಿ ಬಿಟ್ಟಿದ್ದು ಒಂದ ನಿಮಿಷ. ಹಾಯಿ ಕಟ್ಟಿದ ಅಡ್ಡಮರ ತಿರುಗಿ ಬಡದು, ಮ್ಯಾಲ ನಿಂತಾಂವ ನೀರಿಗೆ ಬಿದ್ದ. ಸಿಗಲೇ ಇಲ್ಲ."

ಭಾವನವರ ಕೈಯಲ್ಲಿ ಕಾಗದ, ಪೆನ್ಸಿಲ್ ಎರಡೂ ಇದ್ದವು.

ನನಗೆ ಕಾರಣ ಎರಡು ದಿನದಿಂದ ಗೊತ್ತಿತ್ತು. ಅತ್ತೆ ಅಲಸಂದಿ ಬಿಡಿಸಲು ನೆರಳು ಹುಡುಕಿಕೊಂಡು ದಿಕ್ಸೂಚಿಯ ಮಣೆಯ ಪಕ್ಕಕ್ಕೇ ಬಂದು ಕೂಡುತ್ತಿದ್ದರು. ಅವರ ಸೊಂಟದಲ್ಲಿ ಪೆಟ್ಟಿಗೆ, ಕೋಣೆ, ಕಣಜಗಳ ದಪ್ಪ ಕಬ್ಬಿಣದ ಬೀಗದಕೈಗಳ ಗೊಂಚಲು. ಅವರು ಕೂತಾಗ ಮುಳ್ಳು ತಿರುಗುತ್ತಿತ್ತು, ಎದ್ದುಹೋದರೆ ನೆಟ್ಟಗಾಗುತ್ತಿತ್ತು. ಗಂಡನಿಗೆ ಹೇಳಿದ್ದೆ. ಅವರು "ಅಣ್ಣಗ ತಿಳೀಲಾರದ್ದು ನಿನಗ ತಿಳೀತೇನ?" ಎಂದು ಹೊಲಕ್ಕೆ ಹೋಗಿದ್ದರು. ಭಾವನೆದುರು ಬಾಯಿ ಬಿಡುವುದೇ ಒಂದು ತಪ್ಪು. ಅದರ ಮೇಲೆ ಅತ್ತೆಯ ಬೀಗದಕೈಯ ಮಾತು ಎತ್ತುವುದು ಇನ್ನೊಂದು. ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟೆ.

"ಭಾವಾರ, ಅದು ಅತ್ತಿಯವರ ಕೀಲಿಕೈರಿ" ಎಂದೆ. ಸೆರಗಿನೊಳಗಿಂದ ಬಂದ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಬೀರಪ್ಪ ಬಡಿಗೆ ಬಿಟ್ಟು ನನ್ನ ಕಡೆ ನೋಡಿದ. ಅತ್ತೆ ಅಲಸಂದಿಯ ಮೊರ ಕೆಳಗಿಟ್ಟರು. ಸೊಂಟದ ಗೊಂಚಲು ಬಿಚ್ಚಿ ನನ್ನ ಕೈಗೆ ಹಾಕಿ, "ಹಿಡಿ, ತೋರ್ಸು ನೋಡೂಣು" ಎಂದರು. ನಾನು ಗೊಂಚಲು ಹಿಡಿದು ಬಾವಿಯ ಕಡೆ ಹತ್ತು ಹೆಜ್ಜೆ ನಡೆದೆ. ಮುಳ್ಳು ನೆಟ್ಟಗಾಯಿತು. ವಾಪಸು ಬಂದೆ, ತಿರುಗಿತು. ಭಾವನವರು ನನ್ನನ್ನು ನಾಲ್ಕು ಸಲ ಹೋಗಿ ಬರಲು ಹೇಳಿದರು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಮೊನ್ನೇನ ಹೇಳಬಾರದೇನ ತಂಗಿ?"

"ಮಾತಾಡೂ ಹಂಗಿಲ್ಲಲ್ಲರಿ."

ಅವರ ನಗು ನಿಂತಿತು. ತಾಯಿಯ ಕಡೆ ತಿರುಗಿ ಹೇಳಿದರು: "ಅವ್ವಾ, ಕಂಡದ್ದು ಹೇಳಲಾರದವ್ರನ್ನ ನಾವು ಬೋಟಿನ್ಯಾಗ ಕರಕೊಂಡು ಹೋಗೂದಿಲ್ಲ. ಇಕೀಗೆ ಮಾತಾಡಾಕ ಬಿಡು." ಅತ್ತೆ ಬೀಗದಕೈ ತಕ್ಷಣ ವಾಪಸು ಇಸಿದುಕೊಂಡರು. ಆದರೆ ಅಂದು ಸಂಜೆ ಪಲ್ಯಕ್ಕೆ ಏನು ಮಾಡಬೇಕೆಂದು ನನ್ನನ್ನು ಕೇಳಿದರು. ಅದುವರೆಗೆ ಕೇಳಿರಲಿಲ್ಲ.

ತಿರುಗುವ ಹಲಗೆ, ಮೂರು ಮೊಳ ದೂರ, ದಿಕ್ಸೂಚಿಯ ಹತ್ತಿರ ಚಾಕು ಬೀಗದಕೈ ಬೇಡ: ಭಾವನವರು ವಕೀಲರಿಗೆ ಹಾಗೆ ಬರೆದರು. "ಕಡೆಯ ಮಾತನ್ನು ಕಂಡುಹಿಡಿದವಳು ನನ್ನ ತಮ್ಮನ ಹೆಂಡತಿ ನೀಲವ್ವ" ಎಂದೂ ಬರೆದು, ನನಗೆ ಓದಿ ಹೇಳಿದರು. ಆರಾಮಾದ ಮೇಲೆ ಮುಂಬಯಿಗೆ ಹೋಗಿ ತಾವೇ ಯಂತ್ರ ಕೂರಿಸಿದರು, ಅಲ್ಲಿಯೇ ಉಳಿದರು.

ವರ್ಷಕ್ಕೊಮ್ಮೆ ಬರುತ್ತಿದ್ದರು. ಕಡೆಯ ಸಲ ಬಂದಾಗ ತುಂಬಾ ಸೊರಗಿದ್ದರು. ಊಟಕ್ಕೆ ಬಡಿಸುತ್ತ, "ಬೋಟು ಹೆಂಗೈತ್ರಿ ಭಾವಾರ?" ಎಂದು ಕೇಳಿದೆ.

"ಚಲೋ ಐತಿ. ವಕೀಲರು ರತ್ನಾಗಿರಿತನಕ ಹೋಗಿ ಬಂದ್ರು. ದಾರಿ ಪೂರಾ ಮಂಜಂತ. ಚುಕ್ಕಾಣಿ ಬಿಡೂ ಪ್ರಸಂಗ ಬರಲಿಲ್ಲಂತ, ತಂಗಿ." ಇನ್ನೊಂದು ರೊಟ್ಟಿ ಹಾಕಿಸಿಕೊಂಡು ನಿಧಾನವಾಗಿ ಉಂಡರು.

ಆ ವರ್ಷ ಸುಗ್ಗಿಯ ಹೊತ್ತಿಗೆ ಮುಂಬಯಿಯಿಂದ ತಂತಿ ಬಂತು. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು, ಗಂಡ ಹೊಲದಲ್ಲಿದ್ದರು. ಅಂಚೆಯವನು ಬಾಗಿಲಲ್ಲಿ ನಿಂತು, ಕಾಗದ ಕೊಡದೆ, "ಮನ್ಯಾಗ ಗಂಡಸರು ಯಾರದಾರ್ರಿ?" ಎಂದ. ಅವನ ಮುಖ ನೋಡಿಯೇ ನನಗೆ ತಿಳಿಯಿತು. ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದೆ.

"ನನಗ ಹೇಳ್ರಿ" ಎಂದೆ. "ಅವರು ನಮ್ಮ ಭಾವನವರು."