ಹಾಜರಾಬಿ ಬರೆದ ಚಿತ್ರ

“ಇದು ನಮ್ಮವ್ವ ತಗದಿದ್ದರಿ,” ಎಂದು ಕದರಮಂಡಲಗಿಯ ಮೆಹಬೂಬಿ ಅವರು ಚಿತ್ರವನ್ನು ಎದೆಗವಚಿಕೊಂಡರು.

ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯ ಗೋಡೆಯ ಮೇಲೆ ಅಜ್ಜನ ಕಾಲದಿಂದ ಇದ್ದ ಪೆನ್ಸಿಲ್ ಚಿತ್ರವದು. ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿರುವ ಆ ಚಿತ್ರದ ಕೆಳಗೆ ‘ಹಾಜರಾ, ಕದರಮಂಡಲಗಿ’ ಎಂದಷ್ಟೇ ಇತ್ತು. ಯಾರೆಂದು ಆ ಊರಿನ ಓಣಿ ಓಣಿಯಲ್ಲಿ ವಿಚಾರಿಸುತ್ತ ಹಾಜರಾ ಅವರ ಮಗಳ ಮನೆ ತಲುಪಿದ್ದೆ.

“ಅವ್ವನೂ ನಿಮ್ಮಂಗಡ್ಯಾಗ ತೊಟ್ಟು ಬಿಡಸ್ತಿದ್ಲು. ನಮ್ಮ ಚಿತ್ರ ಯಾರು ನೋಡ್ತಾರ ಅಂತ ಗೆಳತ್ಯಾರು ನಗತಿದ್ರಂತ. ನೋಡೋರು ಬಂದೇ ಬರ್ತಾರ ಅಂತಿದ್ಲು ಅವ್ವ,” ಎಂದರು.

ಆಗಷ್ಟೇ ಹೊಸ ಜಿಲ್ಲೆಯಾಗಿದ್ದ ಹಾವೇರಿಯ ಚಿತ್ರಪ್ರದರ್ಶನದಲ್ಲಿ ಅದನ್ನು ಹಾಜರಾಬಿಯವರ ಪೂರ್ತಿ ಹೆಸರಿನೊಂದಿಗೆ ಇಟ್ಟೆವು. ಮೆಹಬೂಬಿ ಸಂಜೆಯವರೆಗೂ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ತಾಯಿಯ ಕಥೆ ಹೇಳಿದರು. ಇಂಥ ಕೈ ನಮ್ಮ ಅಂಗಡಿಯಲ್ಲಿ ದುಡಿದಿತ್ತು ಎಂದು ಹೇಳಿಕೊಳ್ಳುವಾಗ ಈಗಲೂ ಹೆಮ್ಮೆಯಿಂದ ನನ್ನ ದನಿ ಏರುತ್ತದೆ.