ತೆಳಿ ಹಾಕಿದ ಬೆಲ್ಟು

ಕುಕ್ಕರ್ ಕೆಟ್ಟಿದ್ದರಿಂದ ಇವತ್ತು ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿನೀರು, ನಮ್ಮ ಕಡೆಯ ತೆಳಿ, ಬಸಿದೆ. ಆ ಬಿಸಿ ಹಬೆ ಮುಖಕ್ಕೆ ತಾಗಿದ್ದೇ ತಡ, ಧಾರೇಶ್ವರದ ನಮ್ಮ ಹಿತ್ತಲು ಕಣ್ಮುಂದೆ ಬಂತು.

ಅಮ್ಮ ಪ್ರತಿ ವಾರ ನನ್ನ ಕರಾಟೆ ಬಟ್ಟೆ ಒಗೆದು, ಅನ್ನದ ತೆಳಿಯಲ್ಲಿ ಅದ್ದಿ ಗರಿಗರಿಯಾಗಿ ಒಣಗಿಸುತ್ತಿದ್ದಳು. ಕುಮಟೆಯ ಕ್ಲಾಸಿನಲ್ಲಿ ನಾನು ಪಂಚ್ ಹೊಡೆದರೆ ಅಂಗಿಯ ತೋಳು ಟಪ್ ಎನ್ನುತ್ತಿತ್ತು. "ಸಪ್ಪಳ ಕೇಳಿ, ಹೀಂಗೆ ಹೊಡೀಬೇಕು" ಎಂದು ಸರ್ ಎಲ್ಲರಿಗೂ ಹೇಳುತ್ತಿದ್ದರು. ಅದು ನನ್ನ ಕೈಯ ಬಲವೆಂದೇ ನಂಬಿದ್ದೆ.

ಬೆಲ್ಟನ್ನು ಮಾತ್ರ ಒಗೆಯಬಾರದು, ಬೆವರೇ ಅದರ ಮರ್ಯಾದೆ ಎಂಬುದು ಕ್ಲಾಸಿನ ನಿಯಮ. ಅಮ್ಮನಿಗೆ ನಾನದನ್ನು ಹೇಳಿಯೇ ಇರಲಿಲ್ಲ. ಹಸಿರು ಬೆಲ್ಟಿನ ಪರೀಕ್ಷೆಯ ಹಿಂದಿನ ದಿನ ಅವಳು ನನ್ನ ಹಳದಿ ಬೆಲ್ಟನ್ನೂ ತಿಕ್ಕಿ ತೊಳೆದು ತೆಳಿ ಹಾಕಿಬಿಟ್ಟಳು. ಅದು ಒಣಮೀನಿನಂತೆ ಸೆಟೆದುಕೊಂಡಿತು. ಪರೀಕ್ಷೆಯ ನಡುವೆ ಗಂಟು ನಿಲ್ಲದೆ ಎರಡು ಸಲ ಬಿಚ್ಚಿ ಬಿತ್ತು. ಎಲ್ಲರೂ ನಕ್ಕರು.

ಮನೆಗೆ ಬಂದವಳೇ ಕೂಗಾಡಿದೆ. "ನಿಂಗೆಂತ ಗೊತ್ತಾಗ್ತದೆ? ಇನ್ಮೇಲೆ ನನ್ನ ಬಟ್ಟೆ ಮುಟ್ಬೇಡ!"

"ಹೊಸತರ ಹಾಂಗೆ ಕಾಣ್ಲಿ ಅಂತ ಮಾಡ್ದೆ ಮಗಾ" ಎಂದಳು ಅಮ್ಮ. "ಆತು, ಮುಟ್ಟೂದಿಲ್ಲ" ಎಂದು ಒಳಗೆ ಹೋದಳು.

ಹಾಗೆಯೇ ನಡೆದುಕೊಂಡಳು. ಮುಂದಿನ ವಾರ ನಾನೇ ಒಗೆದ ಬಟ್ಟೆ ತೊಟ್ಟು ಪಂಚ್ ಹೊಡೆದರೆ ಸಪ್ಪಳವೇ ಇಲ್ಲ. "ಎಂತ ಆತು ನಿಂಗೆ?" ಎಂದರು ಸರ್. ಎಂತ ಆಗಿದೆಯೆಂದು ಆ ಕ್ಷಣವೇ ನನಗೆ ತಿಳಿದಿತ್ತು. ತೆಳಿ ಹಾಕಿಕೊಡು ಎಂದು ಕೇಳಲು ಸೊಕ್ಕು ಬಿಡಲಿಲ್ಲ. ಅಮ್ಮ ತೀರಿಕೊಳ್ಳುವವರೆಗೂ ಕೇಳಲಿಲ್ಲ.

ಇವತ್ತು ಬಸಿದ ತೆಳಿಯನ್ನು ಚೆಲ್ಲಲಾಗದೆ ಒಂದು ಹತ್ತಿ ಕುರ್ತಾ ಅದ್ದಿ ಒಣಗಿಸಿದೆ. ಸಂಜೆ ಅದನ್ನು ತೊಟ್ಟು, ಬಾಗಿಲು ಹಾಕಿಕೊಂಡು, ಒಂದು ಪಂಚ್ ಹೊಡೆದೆ.

ಟಪ್ ಎಂದಿತು.