ಕ್ಲಚ್ಚಿನ ಗಾಳಿ ತೆಗೆದ ಭಾನುವಾರ

ಕ್ಲಚ್ಚಿನ ಎಣ್ಣೆಗೆ ಹೊಕ್ಕ ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನ ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಡಿಯ ಕೆಳಗೆ ಮಲಗಿ ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಬರೀ ಕೂಗಿನ ಮೇಲೆ ಕೆಲಸ. ಗಂಡ ಹೆಂಡತಿ ಸೇರಿ ಮಾಡಬಾರದ ಕೆಲಸ ಯಾವುದಾದರೂ ಇದ್ದರೆ ಅದು ಇದೇ ಎಂದು ನಾನು ಇವತ್ತಿಗೂ ಹೇಳುತ್ತೇನೆ. ನಾವಿಬ್ಬರು ಅದನ್ನು ಒಂದು ಭಾನುವಾರ ಮಧ್ಯಾಹ್ನದಿಂದ ಸಂಜೆಯ ತನಕ ಮಾಡಿದೆವು.

ಆಗ ನಾವು ಚಿಂಬಲ್‌ನಲ್ಲಿದ್ದೆವು. ಓಣಿಯ ಜನರ ಕೈಗೆ ಮೊಬೈಲ್ ಫೋನು ಒಂದೊಂದಾಗಿ ಬರತೊಡಗಿದ್ದ ಕಾಲ. ನಮ್ಮ ಮನೆಯವರು ಒಂದು ಹಳೆಯ ಹತ್ತು ಸೀಟಿನ ಗಾಡಿ ಓಡಿಸುತ್ತಿದ್ದರು. ಬೆಳಿಗ್ಗೆ ಓಣಿಯ ಹೆಂಗಸರನ್ನು ಕುಂಡಯಿಯ ಫ್ಯಾಕ್ಟರಿಗಳಿಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು. ಆ ಹೆಂಗಸರಲ್ಲಿ ನಾನೂ ಒಬ್ಬಳು. ಔಷಧದ ಡಬ್ಬಿಗಳಿಗೆ ಮುಚ್ಚಳ ಹಾಕುವ ಕೆಲಸ ನನ್ನದು. ಹತ್ತು ಸೀಟು ಎನ್ನುವುದು ಹೇಳುವ ಮಾತು. ಒಬ್ಬಳ ತೊಡೆಯ ಮೇಲೆ ಇನ್ನೊಬ್ಬಳ ಬುತ್ತಿ, ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳ ನಿದ್ದೆ, ಹಾಗೆ ಹೋಗುತ್ತಿದ್ದೆವು. ಗಾಡಿ ತಡವಾದರೆ ಗೇಟು ಮುಚ್ಚಿ ಎಲ್ಲರ ಅರ್ಧ ದಿನದ ಪಗಾರ ಹೋಗುತ್ತಿತ್ತು. ಆದರೆ ಇವರ ಗಾಡಿ ತಡವಾಗಿದ್ದನ್ನು ನಾನು ಕಂಡವಳಲ್ಲ, ಆ ಒಂದು ವಿಷಯದಲ್ಲಿ ಇವರಿಗೆ ಬಹಳ ಜಂಬವಿತ್ತು. "ಗಾಡಿ ಹೊಡಿಯೂದು ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ" ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಸುಳ್ಳಲ್ಲ. ಒಂದು ಕಪ್ ಚಹಾ ಮಾಡಲೂ ಬರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಅದನ್ನು ನುಂಗುವುದೂ ಬರುತ್ತಿರಲಿಲ್ಲ. ನಾನು ಕೈಗೆ ಕೊಟ್ಟ ದಿನ ನುಂಗುತ್ತಿದ್ದರು, ನಾನು ಸಿಟ್ಟಾಗಿದ್ದ ದಿನ ಇಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಒಮ್ಮೆ ತಂದ ಮಾತ್ರೆ ಬಹಳ ದಿನ ಬರುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಗಾಡಿಯ ಗೇರು ಕರಕರ ಅನ್ನತೊಡಗಿತು. ಕುಂಡಯಿಯ ಏರು ರಸ್ತೆಯಲ್ಲಿ ಒಂದು ದಿನ ಗೇರು ಬೀಳದೆ ಗಾಡಿ ಹಿಂದಕ್ಕೆ ಜಾರಿತು. ಹಿಂದೆ ಸಿಮೆಂಟಿನ ಲಾರಿ ಬರುತ್ತಿತ್ತು. ಹೆಂಗಸರೆಲ್ಲ ತಮ್ಮ ತಮ್ಮ ದೇವರನ್ನು ಒಟ್ಟಿಗೇ ಕರೆದರು. ಇವರು ಹೇಗೋ ಹಿಡಿದು ನಿಲ್ಲಿಸಿ, "ಕ್ಲಚ್ ಮೆತ್ತಗಾಗೈತಿ, ಗಾಳಿ ಹೊಕ್ಕೈತಿ" ಎಂದರು. ಸಂಜೆ ತೋರಿಸಿದಾಗ ಮೆಕ್ಯಾನಿಕ್ಕು ಪೆಡಲ್ ಒತ್ತಿ ನೋಡಿ ಏನೂ ಆಗಿಲ್ಲ ಎಂದ. ಇವರು ಒಪ್ಪಲಿಲ್ಲ. ಭಾನುವಾರ ತಾವೇ ಕ್ಲಚ್ಚಿನ ಕೆಳಗಿನ ಸಿಲಿಂಡರು ಬಿಚ್ಚಿ, ಒಳಗಿನ ರಬ್ಬರು ಬದಲಿಸಿ, ಹೊಸ ಎಣ್ಣೆ ಸುರಿದು, ಗಾಳಿ ತೆಗೆಯುವುದಕ್ಕೆ ನನ್ನನ್ನು ಕರೆದರು. ನಾನು ಅಕ್ಕಿ ಆರಿಸುತ್ತಿದ್ದೆ.

ಮದುವೆಯಾಗಿ ಅಷ್ಟು ವರ್ಷವಾದರೂ ಆ ಸೀಟಿನ ಮೇಲೆ ನಾನು ಕೂತಿದ್ದು ಅದೇ ಮೊದಲು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಸೀಟಿನ ಅಂಚಿಗೆ ಜಾರಿ ಬರಿಗಾಲನ್ನು ಪೆಡಲ್ ಮೇಲಿಟ್ಟೆ. ಇವರು ಬಾಗಿಲ ಪಕ್ಕ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಜರುಗಿದರು. ಹೊರಗೆ ಉಳಿದದ್ದು ಎರಡು ಪಾದ. ನಿಪ್ಪಲ್‌ಗೆ ಸಲೈನಿನ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸೋಡಾ ಬಾಟಲಿಯಲ್ಲಿ ಇಟ್ಟಿದ್ದರು.

"ಒತ್ತು" ಎಂದು ಕೆಳಗಿನಿಂದ ಕೂಗು ಬರುತ್ತದೆ. ನಾನು ನಾಲ್ಕಾರು ಸಲ ಒತ್ತಿ ಬಿಟ್ಟು, ಕೊನೆಗೆ ಒತ್ತಿ "ಹಿಡದೇನ್ರಿ" ಎನ್ನಬೇಕು. ಅವರು ಪಾನಾದಿಂದ ತಿರುಗಿಸಿ ನಿಪ್ಪಲ್ ಸಡಿಲ ಮಾಡುತ್ತಾರೆ. ಎಣ್ಣೆಯ ಜೊತೆ ಗಾಳಿ ಗುಳ್ಳೆಗುಳ್ಳೆಯಾಗಿ ಬಾಟಲಿಗೆ ಬರುತ್ತದೆ, ನನ್ನ ಕಾಲು ನೆಲಕ್ಕೆ ಇಳಿಯುತ್ತದೆ. ಅವರು ನಿಪ್ಪಲ್ ಬಿಗಿ ಮಾಡಿ "ಬಿಡು" ಎಂದ ಮೇಲೆಯೇ ನಾನು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೊರಗಿನ ಗಾಳಿಯನ್ನೇ ಒಳಕ್ಕೆ ಎಳೆದುಕೊಂಡು ಮಾಡಿದ್ದೆಲ್ಲ ನೀರಲ್ಲಿ ಹೋಮ. ಇದನ್ನು ಇವರು ನನಗೆ ಮೂರು ಸಲ ಹೇಳಿದರು, ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ.

ಮೊದಮೊದಲು ಪೆಡಲ್ ನೆನೆದ ಅವಲಕ್ಕಿಯ ಹಾಗೆ ಮೆತ್ತಗಿತ್ತು. ಒತ್ತುತ್ತ ಹೋದ ಹಾಗೆ ಕೆಳಗಿನಿಂದ ಏನೋ ನನ್ನ ಕಾಲನ್ನು ತಡೆಯತೊಡಗಿತು. ಆಮೇಲೆ ಗಟ್ಟಿಯಾಯಿತು. ನನಗೆ ಒಂಥರಾ ಖುಷಿಯೇ ಆಯಿತು. ಕಾಲಿನ ಕೆಳಗೆ ಒಂದು ಗಾಡಿ ಮಾತು ಕೇಳುತ್ತಿದೆ ಎನ್ನಿಸಿತು.

ಇವರು ಹೊರಗೆ ಬಂದು, ಎಣ್ಣೆ ಕೈಯನ್ನು ಒರೆಸಿಕೊಂಡು, ಸೀಟಿನ ಮೇಲೆ ಕೂತು ಪೆಡಲ್ ಒತ್ತಿದರು. ಮತ್ತೆ ಒತ್ತಿದರು.

"ಇನ್ನೂ ಮೆತ್ತಗ ಐತಿ. ನೀ ಲಗೂನ ಕಾಲ ಬಿಟ್ಟಿ."

"ನಾ ಎಲ್ಲಿ ಬಿಟ್ಟೇನ್ರಿ? ನೀವು ಬಿಡು ಅಂದ ಮ್ಯಾಲ ಬಿಟ್ಟೇನಿ."

"ಹಂಗಾರ ಗಾಳಿ ಎಲ್ಲಿಂದ ಬಂತು?"

"ನನ್ನ ಕೇಳಿದ್ರ? ನೀವ ತಡಾ ಮಾಡಿ ಬಿಗಿ ಮಾಡಿರಬೇಕು."

ಇದು ಸಾಲದೆಂಬಂತೆ ಕ್ಲಚ್ಚಿಗೆ ಎಣ್ಣೆ ಹೋಗುವ ಮೇಲಿನ ಡಬ್ಬಿ ಖಾಲಿಯಾಗುವುದನ್ನು ನಾನು ನೋಡಿಕೊಳ್ಳಲಿಲ್ಲ ಎಂದರು. ಡಬ್ಬಿ ತುಂಬಿಯೇ ಇತ್ತು. ನಾನು ಮುಖ ಊದಿಸಿಕೊಂಡು ಮತ್ತೆ ಹತ್ತಿ ಕೂತೆ. ಮತ್ತೆ ಅದೇ ಒತ್ತು, ಹಿಡಿ, ಬಿಡು. ಮತ್ತೆ ಹೊರಗೆ ಬಂದರು, ಒತ್ತಿದರು, ಮತ್ತೆ ಮೆತ್ತಗೆ ಎಂದರು. ಈ ಸಲ ನನ್ನ ತವರಿನವರು ಯಾವ ಕೆಲಸವನ್ನೂ ನೆಟ್ಟಗೆ ಕಲಿಸಲಿಲ್ಲ ಎನ್ನುವಲ್ಲಿಗೆ ಮಾತು ಹೋಯಿತು. ಬೆಳಿಗ್ಗೆ ಗಾಡಿ ಹೊರಡದಿದ್ದರೆ ಓಣಿಯ ಹೆಂಗಸರ ಮುಂದೆ ತಲೆ ಎತ್ತುವುದು ಹೇಗೆ ಎನ್ನುವುದು ಅವರ ಚಿಂತೆ. ಅಷ್ಟು ಗಟ್ಟಿ ಇರುವುದನ್ನು ಮೆತ್ತಗೆ ಎನ್ನುವ ಮನುಷ್ಯನ ಜೊತೆ ಬಾಳುವುದು ಹೇಗೆ ಎನ್ನುವುದು ನನ್ನ ಚಿಂತೆ.

ನಮ್ಮ ಗದ್ದಲ ಕೇಳಿ ಪಕ್ಕದ ಮನೆಯ ಚಾಚಾ ಎದ್ದು ಬಂದರು. ವಿಜಾಪುರದ ಕಡೆಯವರು, ಮರಳು ಸಾಗಿಸುವ ಟೆಂಪೋ ಅವರದು, ಮಳೆಗಾಲದಲ್ಲಿ ಕೆಲಸ ಕಡಿಮೆ. ಲುಂಗಿ ಎತ್ತಿಕೊಂಡು ಸೀಟಿಗೆ ಹತ್ತಿ, ಒಂದೇ ಸಲ ಪೆಡಲ್ ಒತ್ತಿ, "ಅಲ್ಲೋ ತಮ್ಮಾ, ಕಲ್ಲ ಆಗೇತಲ್ಲೋ ಇದು. ಇನ್ನೇನ ಬೇಕ ನಿನಗ?" ಎಂದರು.

"ನಿಮ್ಮ ಟೆಂಪೋದ್ದು ಕಬ್ಬಣದ ಹಾರಿ ಹಂಗ ಬಿಗಿ ಐತಿ ಚಾಚಾ. ನಿಮಗ ಇದು ತಿಳಿಯಂಗಿಲ್ಲ" ಎಂದು ಇವರು ಮತ್ತೆ ಗಾಡಿಯ ಕೆಳಗೆ ಹೋದರು. ಟೆಂಪೋದ್ದು ಬಿಗಿಯಾಗಿದ್ದರೆ ಅವರಿಗೆ ಇದು ಮೆತ್ತಗೆ ಅನ್ನಿಸಬೇಕಿತ್ತಲ್ಲ ಎಂದು ಬಾಯಿಗೆ ಬಂದದ್ದನ್ನು ನಾನು ನುಂಗಿಕೊಂಡೆ. ಚಾಚಾ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ತಮ್ಮ ಕಟ್ಟೆಗೆ ಹೋದರು.

ಮೂರನೆಯ ಸಲ ನಾನು ಪೆಡಲ್ ಹಿಡಿದು, ಬೇಜಾರಿನಿಂದ ಬಾಗಿಲ ಹೊರಗೆ ಬಗ್ಗಿ ಇವರ ಪಾದಗಳನ್ನು ನೋಡುತ್ತಿದ್ದೆ. ಗಾಡಿ ನಿಂತದ್ದು ಮಾವಿನ ಮರದ ಕೆಳಗೆ. ಕೆಂಪು ಇರುವೆಗಳು ಗೋಣಿಚೀಲದ ಮೇಲಿಂದ ಸಾಲು ಹಿಡಿದು ಎರಡೂ ಪಾದಗಳ ಮೇಲೆ ಹತ್ತುತ್ತಿದ್ದವು. ಬಲಗಾಲು ಝಾಡಿಸಿತು, ನೆಲಕ್ಕೆ ತಿಕ್ಕಿಕೊಂಡಿತು, ಮತ್ತೆ ಝಾಡಿಸಿತು. ಎಡಗಾಲು ಸುಮ್ಮನೆ ಮಲಗಿತ್ತು. ಅದರ ಬೆರಳ ಸಂದಿಯಲ್ಲಿ ಇರುವೆಗಳು ಮುತ್ತಿಕೊಂಡಿದ್ದವು. ಆ ಇರುವೆ ಕಚ್ಚಿದರೆ ದೊಡ್ಡವರೂ ಕುಣಿಯುತ್ತಾರೆ.

"ಬಿಡು" ಎಂದರು. ಬಿಟ್ಟೆ. ಸೀಟಿನಿಂದ ಇಳಿದೆ. ಕುಕ್ಕರಗಾಲಲ್ಲಿ ಕೂತು ಎಡಗಾಲಿನ ಇರುವೆಗಳನ್ನು ಒಂದೊಂದೇ ಬಿಡಿಸತೊಡಗಿದೆ. ಕೆಲವು ಬಿಡದೆ ಕಚ್ಚಿಕೊಂಡಿದ್ದವು, ಚಿವುಟಿ ತೆಗೆದೆ. ಆಮೇಲೆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಅಮುಕಿದೆ, ಅಂಗಾಲಿಗೆ ಉಗುರು ಒತ್ತಿದೆ.

ಗಾಡಿಯ ಕೆಳಗಿನಿಂದ ಇವರು ಕೂಗಿದರು: "ಎಲ್ಲಿ ಹ್ವಾದಿ? ಒತ್ತು!"

ಅವರ ಕಾಲು ನನ್ನ ಕೈಯಲ್ಲೇ ಇತ್ತು, ಅವರು ನನ್ನನ್ನು ಎಲ್ಲಿ ಹೋದೆ ಎಂದು ಕೇಳುತ್ತಿದ್ದರು.

"ಹೊರಗ ಬರ್ರಿ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅದಕ್ಕೇ ಇರಬೇಕು, ಅವರು ಮರುಮಾತಿಲ್ಲದೆ ಜರುಗಿ ಬಂದರು. ಕೂತರು. ನಾನು ಹಿಡಿದಿದ್ದ ಕಾಲನ್ನು ನೋಡಿದರು. ಪಾದದ ಮೇಲೆಲ್ಲ ಕೆಂಪು ಗಂದೆಗಳು ಎದ್ದಿದ್ದವು.

"ಇರುವಿ ಕಡದಾವು. ಗೊತ್ತಾಗಲಿಲ್ಲೇನು?"

ಇವರು ಪಾನಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

"ಯಾವಾಗಿಂದ್ರಿ?"

"ಮಳಿ ಹಿಡಿಯೂಕಿಂತ ಮದ್ಲಿಂದ. ಸುರುವಿಗೆ ಜುಮುಜುಮು ಅಂತಿತ್ತು. ಆಮ್ಯಾಲ ಅದೂ ನಿಂತ್ತು. ನಿಂತಾಗ ಚಲೋ ಆತು ಅಂದ್ಕೊಂಡೆ." ಪಾದ ನೋಡುತ್ತಲೇ ಹೇಳಿದರು: "ತಪ್ಪ ಕ್ಲಚ್ಚಿಂದ ಇರ್ಲಪ್ಪಾ, ಕಾಲಿಂದ ಬ್ಯಾಡ ಅಂತ ದಿನಾ ಬೇಡ್ಕೊಂಡೇನಿ."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಓಣಿಯ ಅಷ್ಟು ಹೆಂಗಸರು, ಅದರಲ್ಲಿ ಇಬ್ಬರು ಬಸುರಿಯರು, ದಿನಾ ಈ ಕಾಲನ್ನು ನಂಬಿಕೊಂಡು ಹಿಂದೆ ಕೂತು ತೂಕಡಿಸುತ್ತಿದ್ದೆವಲ್ಲ. ಅದನ್ನೇ ಹೇಳಿದೆ. ಲಾರಿ ಹಿಂದೆ ಬಂದ ದಿನದ್ದನ್ನೂ, ನುಂಗದೆ ಬಿಟ್ಟ ಸಕ್ಕರೆ ಕಾಯಿಲೆಯ ಮಾತ್ರೆಗಳದ್ದನ್ನೂ ಹೇಳಿದೆ. ಇವರು ತಲೆ ಎತ್ತಲಿಲ್ಲ, ಒಂದಕ್ಕೂ ಎದುರಾಡಲಿಲ್ಲ. ಎದುರಾಡದ ಗಂಡನನ್ನು ನಾನು ನೋಡಿಯೇ ಇರಲಿಲ್ಲ. ಆಗ ನನಗೆ ಸಂಕಟವಾಯಿತು. ಈ ಮನುಷ್ಯ ಇಷ್ಟು ದಿನ ಒಬ್ಬರೇ ಹೆದರಿಕೊಂಡು ಗೇರು ಹಾಕಿದ್ದಾರೆ, ನಾನು ಅವರ ಬೆನ್ನ ಹಿಂದೆಯೇ ಕೂತು ಹರಟೆ ಹೊಡೆದಿದ್ದೇನೆ. ಗಾಡಿ ಬಿಟ್ಟರೆ ಬೇರೆ ಏನೂ ಬಾರದು ಎಂದು ನಗುತ್ತ ಹೇಳುತ್ತಿದ್ದವರು. ಆ ಗಾಡಿಯನ್ನೇ ಬಿಡಿ ಎಂದು ನಾನು ಹೇಳಬೇಕಿತ್ತು.

ನಾನು ಹೇಳುವ ಮೊದಲೇ ಅವರು, "ಇನ್ನೊಂದ ಸಲ ನೋಡೂಣು" ಎಂದರು.

ನಾನು ಬೇಡ ಎನ್ನಲಿಲ್ಲ. ಗೋಣಿಚೀಲ ಝಾಡಿಸಿ ಬೇರೆ ಕಡೆ ಹಾಸಿದೆ, ಹತ್ತಿ ಕೂತೆ. ಒತ್ತು ಎಂದರು, ಒತ್ತಿದೆ. ಹಿಡದೇನ್ರಿ ಎಂದೆ. ಕೆಳಗೆ ಎಣ್ಣೆ ಸಣ್ಣಗೆ ಹರಿಯುವ ಸದ್ದು ಬಂತು. ಸಲೈನಿನ ಪೈಪಿನಲ್ಲಿ ಒಂದು ಗುಳ್ಳೆಯೂ ಇದ್ದಿರಲಿಕ್ಕಿಲ್ಲ. ನಿಪ್ಪಲ್ ಬಿಗಿ ಮಾಡಿದ್ದೂ ಕೇಳಿಸಿತು. ಬಿಡು ಎನ್ನಲು ಮಾತ್ರ ಅವರು ಬಹಳ ಹೊತ್ತು ತೆಗೆದುಕೊಂಡರು. ನನ್ನ ಕಾಲು ನೋಯತೊಡಗಿತು, ಆದರೂ ಯಾಕೆ ಎಂದು ಕೇಳದೆ ಹಿಡಿದುಕೊಂಡೇ ಕೂತೆ.

"ಬಿಡು" ಎಂದರು ಕೊನೆಗೆ.

ಹೊರಗೆ ಬಂದವರು ಪೆಡಲ್ ಒತ್ತಿ ನೋಡಲಿಲ್ಲ. ಕೈ ತೊಳೆದುಕೊಂಡು ನೇರ ಚಾಚಾ ಕೂತಿದ್ದ ಕಟ್ಟೆಗೆ ಹೋಗಿ ಕೀಲಿ ಕೊಟ್ಟು, "ನಾಳಿಯಿಂದ ನೀವ ಹೊಡೀರಿ ಚಾಚಾ. ನನ್ನ ಕಾಲ ಸರಿಯಿಲ್ಲ" ಎಂದರು. ಅಷ್ಟು ನೇರ ಮಾತನ್ನು ನಾನು ಅವರಿಂದ ನಿರೀಕ್ಷಿಸಿರಲಿಲ್ಲ. ಚಾಚಾ ಕೀಲಿ ತೆಗೆದುಕೊಂಡು, "ಆತು. ಆದ್ರ ನೀನೂ ಬಾ, ಹೆಣ್ಮಕ್ಕಳನ್ನ ಇಳಿಸಿದ ಮ್ಯಾಲ ಫೋಂಡಾ ದವಾಖಾನಿಗೆ ಹೋಗೂಣು" ಎಂದರು. ಆ ಸೀಟಿನ ಮೇಲೆ ಇವರು ಮತ್ತೆ ಕೂರಲಿಲ್ಲ.

ಮರುದಿನ ಎಂದಿನ ಹೊತ್ತಿಗೇ ಎದ್ದು ಗಾಜು ಒರೆಸಿದರು. ಹೆಂಗಸರೆಲ್ಲ ಹತ್ತಿದ ಮೇಲೆ ಹಿಂದೆ ಬಂದು ನನ್ನ ಪಕ್ಕದಲ್ಲಿ ಇಕ್ಕಟ್ಟಾಗಿ ಕೂತರು. "ಏನ್ ಮಾಮಾ, ನೀವೂ ಮುಚ್ಚಳಾ ಹಾಕಾಕ ಬರಾಕತ್ತೀರೇನು?" ಎಂದು ಒಬ್ಬಳು ರೇಗಿಸಿದಳು. ಇವರು ನಕ್ಕರು. ಚಾಚಾ ಗೇರು ಹಾಕಿದರೆ ಸದ್ದೇ ಇಲ್ಲ, ಬೆಣ್ಣೆಯಲ್ಲಿ ಹೋದ ಹಾಗೆ ಬಿತ್ತು. ಇವರು ಅದನ್ನು ಕಿವಿಗೊಟ್ಟು ಕೇಳಿದರು. ಬಾಣಸ್ತಾರಿ ಸೇತುವೆ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು, ಸೀಟು ನಮ್ಮನ್ನು ಎತ್ತಿ ಎತ್ತಿ ಹಾಕಿತು. ಇವರು ಕಂಬಿ ಹಿಡಿದುಕೊಂಡು, "ಹಿಂದ ಇಷ್ಟ ಕುಲುಕತೈತೇನು? ಇಷ್ಟ ವರ್ಷ ಯಾರೂ ಒಂದ ಮಾತ ಹೇಳಲಿಲ್ಲಲ್ಲ?" ಎಂದರು.

"ನೀವರ ಎಲ್ಲಿ ಹೇಳಿದ್ರಿ?" ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ಗಾಡಿ ಕುಲುಕಿದಾಗ ಅವರ ಎಡಗಾಲು ಜಾರಿ ಬಂದು ನನ್ನ ಪಾದದ ಮೇಲೆ ಕೂತಿತು. ಅಪ್ಪಿತಪ್ಪಿ ಯಾರಿಗಾದರೂ ಕಾಲು ತಾಗಿದರೆ, ಹೆಂಡತಿಯಾದರೂ ಸರಿ, ತಕ್ಷಣ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಇವರು. ಆ ದಿನ ಒತ್ತಿಕೊಳ್ಳಲಿಲ್ಲ. ಕುಂಡಯಿ ಬರುವ ತನಕ ನಾನು ಕಾಲು ತೆಗೆಯಲಿಲ್ಲ.